ನಾರ್ಕೊಂಡಂ ಮಂಗಟ್ಟೆಯನ್ನು ಚಿಂಚೋಳಿ ಕಾಡಿಗೆ ತಂದು ಬಿಡಬಹುದೇ?

ಪ್ರಶ್ನೆ: ನಾನು ಚಿಂಚೋಳಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಅಂಡಮಾನಿನ ಆಚೆ ನಾರ್ಕೊಂಡಂ ಎಂಬ ಒಂದೇ ಒಂದು ದ್ವೀಪದಲ್ಲಿ ಉಳಿದಿರುವ ಹಾರ್ನ್‌ಬಿಲ್ ಹಕ್ಕಿಯ ಬಗ್ಗೆ ಮಕ್ಕಳಿಗೆ ಹೇಳುತ್ತಿದ್ದೆ. ಒಂದು ದೊಡ್ಡ ಚಂಡಮಾರುತ ಬಂದರೆ ಇಡೀ ಜಾತಿಯೇ ಹೋಗಿಬಿಡಬಹುದು ಎಂದಾಗ ಒಬ್ಬ ಹುಡುಗ ಎದ್ದು, "ಹಂಗಾದ್ರ ನಾಕು ಜೋಡಿ ಹಿಡ್ಕೊಂಡು ಬಂದು ನಮ್ಮ ಕುಂಚಾವರಂ ಕಾಡ್ನಾಗ ಬಿಟ್ರ ಆಗಲ್ಲೇನ್ರಿ ಟೀಚರ್?" ಎಂದು ಕೇಳಿದ. ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಮೃಗಾಲಯದಲ್ಲಾದರೂ ಇಟ್ಟು ಸಾಕಬಾರದೇ? ನಮ್ಮೂರ ಆಲದ ಮರಕ್ಕೆ ಬರುವ, ಕೊಕ್ಕಿನ ಮೇಲೆ ಸಣ್ಣ ಕೊಂಬಿರುವ ಬೂದು ಹಕ್ಕಿಗೂ ಅದಕ್ಕೂ ಏನಾದರೂ ಸಂಬಂಧ ಇದೆಯೇ?

ಉತ್ತರ:

ಮೇಡಂ, ಮೊದಲು ಆ ಹುಡುಗನಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ಒಂದೇ ಕಡೆ ಇರುವುದನ್ನು ಎರಡು ಕಡೆ ಇಡಬೇಕು ಎಂಬ ಯೋಚನೆ ದ್ವೀಪದ ಹಕ್ಕಿಗಳ ಮೇಲೆ ಕೆಲಸ ಮಾಡುವವರಿಗೂ ಬರುತ್ತದೆ. ಆದರೆ ಕುಂಚಾವರಂಗೆ ತಂದು ಬಿಡುವುದು ಆಗದ ಮಾತು. ಬೇರೆ ದ್ವೀಪಕ್ಕೆ ಒಯ್ಯುವುದು ಇವತ್ತಿಗೆ ಬೇಡದ ಮಾತು. ಮೃಗಾಲಯ ಬೇರೆ ದಾರಿಯೇ ಇಲ್ಲ ಎಂದಾಗ ಮಾತ್ರ. ಯಾಕೆ ಅಂತ ಹೇಳಬೇಕಾದರೆ ಹಕ್ಕಿಯ ಜೊತೆಗೆ ಮರದ ವಿಷಯವನ್ನೂ ಎತ್ತಬೇಕು. ಈ ಹಕ್ಕಿಯನ್ನು ಅದರ ಮರಗಳಿಂದ ಬೇರೆ ಮಾಡಿ ಉಳಿಸುತ್ತೇವೆ ಎನ್ನುವುದರಲ್ಲಿ ನನಗೆ ನಂಬಿಕೆ ಇಲ್ಲ.

ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಹೌದು, ಸಂಬಂಧ ಇದೆ. ನಿಮ್ಮೂರ ಆಲದ ಮರಕ್ಕೆ ಬರುವುದು ಬೂದು ಮಂಗಟ್ಟೆ. ಕನ್ನಡದಲ್ಲಿ ಹಾರ್ನ್‌ಬಿಲ್‌ಗಳಿಗೆಲ್ಲ ಮಂಗಟ್ಟೆ ಎನ್ನುತ್ತೇವೆ. ಭಾರತದಲ್ಲಿ 9 ಜಾತಿಯ ಮಂಗಟ್ಟೆಗಳಿವೆ. ಅದರಲ್ಲಿ 4 ಕರ್ನಾಟಕದಲ್ಲಿವೆ. ನಾಲ್ಕನ್ನೂ ಒಂದೇ ಕಡೆ ನೋಡಬೇಕೆಂದರೆ ದಾಂಡೇಲಿಗೆ ಹೋಗಬೇಕು. ಮಲೆನಾಡು ಬಿಟ್ಟು ನಮ್ಮಂಥ ಬಯಲುಸೀಮೆಯಲ್ಲೂ ಬದುಕುವ ಗಟ್ಟಿ ಹಕ್ಕಿ ಎಂದರೆ ಈ ಬೂದು ಮಂಗಟ್ಟೆಯೇ. ಕೂಗು ಹದ್ದಿನ ಕೀಚಲಿನ ಹಾಗೆ ಇರುತ್ತದೆ. ಅದಕ್ಕೇ ಎಷ್ಟೋ ಜನ ಕೇಳಿಯೂ ಮೇಲೆ ನೋಡುವುದಿಲ್ಲ. ನಾಲ್ಕು ಸಲ ರೆಕ್ಕೆ ಬಡಿದು, ಸ್ವಲ್ಪ ತೇಲಿ, ಮತ್ತೆ ರೆಕ್ಕೆ ಬಡಿದು ಹೋಗುತ್ತದೆ. ಹಳದಿ ಕಣಗಿಲೆಯ ಕಾಯಿ ನಮಗೆ, ದನಕ್ಕೆ ವಿಷ ಅಲ್ವಾ? ಈ ಹಕ್ಕಿ ಅದನ್ನೂ ತಿನ್ನುತ್ತದೆ.

ನಾರ್ಕೊಂಡಂ ಮಂಗಟ್ಟೆ ಬೇರೆ ಕುಲದ್ದು. ಅದರ ಕುಲ ರೈಟಿಸೆರಸ್. ಈಶಾನ್ಯ ಭಾರತದ ಕಾಡಿನಲ್ಲಿ ಅದೇ ಕುಲದ ದೊಡ್ಡ ಹಕ್ಕಿಯೊಂದಿದೆ. ನಾರ್ಕೊಂಡಂನದ್ದು ಆ ಕುಲದಲ್ಲೇ ಚಿಕ್ಕದು. ಗಂಡಿನ ತಲೆ ಮತ್ತು ಕುತ್ತಿಗೆ ಇಟ್ಟಿಗೆಗೆಂಪು, ಹೆಣ್ಣಿನದು ಕಪ್ಪು. ಎರಡಕ್ಕೂ ಬಾಲ ಬಿಳಿ, ಗಂಟಲಿನ ಹತ್ತಿರ ನೀಲಿ ಛಾಯೆಯ ಬಿಳಿ ಚೀಲ. ಮರಿಗಳು ಗಂಡಾಗಲಿ ಹೆಣ್ಣಾಗಲಿ ಮೊದಲು ಅಪ್ಪನ ಬಣ್ಣದಲ್ಲೇ ಇರುತ್ತವೆ. 1873ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟವರು ಎ.ಒ. ಹ್ಯೂಮ್. ಮುಂದೆ 1885ರಲ್ಲಿ ಕಾಂಗ್ರೆಸ್ ಕಟ್ಟಿದವರಲ್ಲಿ ಒಬ್ಬರಾದ ಅದೇ ಹ್ಯೂಮ್. ನಿಮ್ಮ ಸಮಾಜ ವಿಜ್ಞಾನದ ಶಿಕ್ಷಕರಿಗೆ ಇದನ್ನು ಹೇಳಿ, ಎರಡೂ ಪಾಠಕ್ಕೆ ಕೊಂಡಿ ಸಿಗುತ್ತದೆ.

ಈಗ ದ್ವೀಪಕ್ಕೆ ಬರೋಣ. ನಾರ್ಕೊಂಡಂ ಇರುವುದು ಅಂಡಮಾನ್ ಸಮುದ್ರದಲ್ಲಿ. ಹತ್ತಿರದ ದೊಡ್ಡ ನೆಲ ಎಂದರೆ ಉತ್ತರ ಅಂಡಮಾನ್, ಅದೂ ನೂರು ಕಿ.ಮೀ.ಗಿಂತ ಆಚೆ. ದ್ವೀಪದ ವಿಸ್ತೀರ್ಣ ಸುಮಾರು 6.8 ಚದರ ಕಿ.ಮೀ. ಅಷ್ಟೇ. ನಿಮ್ಮ ಚಿಂಚೋಳಿ ವನ್ಯಜೀವಿಧಾಮ ಸುಮಾರು 135 ಚದರ ಕಿ.ಮೀ. ಇದೆ. ಅಂದರೆ ಅದರೊಳಗೆ ಹೆಚ್ಚುಕಡಿಮೆ ಇಪ್ಪತ್ತು ನಾರ್ಕೊಂಡಂ ಹಿಡಿಸುತ್ತವೆ. ಆದರೆ ದ್ವೀಪದ ಎತ್ತರ ಕಡಿಮೆ ಏನಿಲ್ಲ. ಸಮುದ್ರದಿಂದ ನೇರ ಎದ್ದು 710 ಮೀಟರ್ ಮುಟ್ಟುತ್ತದೆ. ಅದೊಂದು ತಣ್ಣಗಾದ ಜ್ವಾಲಾಮುಖಿ. ದಕ್ಷಿಣಕ್ಕಿರುವ ಬ್ಯಾರೆನ್ ದ್ವೀಪದಲ್ಲಿ ಈಗಲೂ ಬೆಂಕಿ ಏಳುತ್ತದೆ. ನಾರ್ಕೊಂಡಂ ಮಾತ್ರ ದಡದಿಂದ ತುದಿಯವರೆಗೆ ಕಾಡು ಹೊದ್ದುಕೊಂಡು ನಿಂತಿದೆ.

ಇದರಲ್ಲೊಂದು ವಿಶೇಷ ಇದೆ, ಇದನ್ನು ಮಕ್ಕಳಿಗೆ ಸಾವಕಾಶವಾಗಿ ಹೇಳಬೇಕು. ಈ ದ್ವೀಪ ಸಮುದ್ರದ ತಳದಿಂದ ಲಾವಾ ಉಕ್ಕಿ ಆದದ್ದು. ಯಾವ ಖಂಡದ ತುಂಡೂ ಅಲ್ಲ, ಯಾವ ನೆಲಕ್ಕೂ ಅಂಟಿಕೊಂಡು ಇದ್ದದ್ದಲ್ಲ. ಹಾಗಾದರೆ ಅಲ್ಲಿನ ಮರಗಳು ಎಲ್ಲಿಂದ ಬಂದವು? ಗಾಳಿಯಲ್ಲಿ ಹಾರಿ ಬಂದಿರಬೇಕು, ಅಲೆಯಲ್ಲಿ ತೇಲಿ ಬಂದಿರಬೇಕು, ಇಲ್ಲವೇ ಹಕ್ಕಿ, ಬಾವಲಿಗಳ ಹೊಟ್ಟೆಯಲ್ಲಿ ಬಂದಿರಬೇಕು. ಹಣ್ಣಿನ ಮರಗಳ ಮಟ್ಟಿಗೆ ಹೆಚ್ಚಿನ ಕೆಲಸ ಹೊಟ್ಟೆಯದೇ. ಒಮ್ಮೆ ಬಂದು ಬಿದ್ದ ಬೀಜ ಬುಡದಿಂದ ಗುಡ್ಡಕ್ಕೆ, ಈ ಕಣಿವೆಯಿಂದ ಆ ಕಣಿವೆಗೆ ಹರಡಬೇಕಲ್ಲ? ಆ ಕೆಲಸ ಮಂಗಟ್ಟೆಯದು. ಅಲ್ಲಿ ಕೋತಿ ಇಲ್ಲ, ಅಳಿಲು ಇಲ್ಲ, ಕರಡಿ ಇಲ್ಲ. ದೊಡ್ಡ ಬೀಜದ ಹಣ್ಣನ್ನು ಇಡಿಯಾಗಿ ನುಂಗಿ ದೂರ ಹೋಗಿ ಉಗುಳುವ ಬಾಯಿ ಮಂಗಟ್ಟೆ ಮತ್ತು ಕಾಡು ಪಾರಿವಾಳಗಳದ್ದು ಮಾತ್ರ. ಕೋಗಿಲೆ, ಗುಡ್ಡದ ಮೈನಾ ಕೂಡ ಕೈಜೋಡಿಸುತ್ತವೆ, ಆದರೆ ಅವುಗಳ ಬಾಯಿಗೆ ದೊಡ್ಡ ಹಣ್ಣು ಹಿಡಿಸುವುದಿಲ್ಲ.

ಹಾಗಾಗಿ ಕಾಡು ಹಕ್ಕಿಯನ್ನು ಸಾಕುತ್ತಿದೆ, ಹಕ್ಕಿ ಕಾಡನ್ನು ಬೆಳೆಸುತ್ತಿದೆ. ನಾಲ್ಕು ಜೋಡಿ ಹಿಡಿದು ತಂದರೆ ನಾವು ಹಕ್ಕಿಯನ್ನಷ್ಟೇ ತಂದಂತೆ. ಅದು ಬೆಳೆಸಿದ ಕಾಡು ಅಲ್ಲೇ ಉಳಿಯುತ್ತದೆ.

ಎಷ್ಟು ಹಕ್ಕಿಗಳಿವೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. 1970ರ ದಶಕದಿಂದ ಮುಂದಿನ ಕೆಲವು ದಶಕಗಳ ಸಮೀಕ್ಷೆಗಳು ಮುನ್ನೂರು, ನಾನೂರರ ಆಸುಪಾಸು ಎನ್ನುತ್ತಿದ್ದವು. 2019ರ ಕೊನೆಯಿಂದ 2020ರ ಆರಂಭದವರೆಗೆ ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್ ಸೇರಿದಂತೆ ಕೆಲವು ಸಂಸ್ಥೆಗಳ ಸಂಶೋಧಕರು ಅಲ್ಲಿ ಉಳಿದು ಲೆಕ್ಕ ಹಾಕಿದಾಗ ಸಾವಿರದ ಆಸುಪಾಸು ಎಂಬ ಅಂದಾಜು ಬಂತು. ಚದರ ಕಿ.ಮೀ.ಗೆ ಸುಮಾರು 150 ಹಕ್ಕಿ. ಜಗತ್ತಿನ ಬೇರೆ ಯಾವ ಮಂಗಟ್ಟೆ ಕಾಡಿನಲ್ಲೂ ಇಷ್ಟು ಒತ್ತಾಗಿ ಹಕ್ಕಿ ಇರುವ ದಾಖಲೆ ಇಲ್ಲ. ಹಳೆಯ ಲೆಕ್ಕದ ವಿಧಾನ ಬೇರೆ, ಹೊಸದು ಬೇರೆ. ಹಾಗಾಗಿ ಸಂಖ್ಯೆ ಎರಡೂವರೆ, ಮೂರು ಪಟ್ಟಾಯಿತು ಎಂದು ಕುಣಿದಾಡುವಂತಿಲ್ಲ. ಆದರೆ ಆ ಪುಟ್ಟ ಕಾಡು ಎಷ್ಟು ಜನರ ಹೊಟ್ಟೆ ತುಂಬಿಸುತ್ತಿದೆ ಎನ್ನುವುದಂತೂ ಸ್ಪಷ್ಟ.

ಅಷ್ಟು ಹಕ್ಕಿಗೆ ಅನ್ನ ಎಲ್ಲಿಂದ? ಅತ್ತಿ ಜಾತಿಯ ಮರಗಳಿಂದ. ನಮ್ಮ ಆಲ, ಅರಳಿ, ಅತ್ತಿ, ಬಸರಿ ಎಲ್ಲ ಒಂದೇ ಮನೆತನದವು. ಆ ಮನೆತನದ ಮರಗಳೇ ನಾರ್ಕೊಂಡಂನಲ್ಲೂ ಹಕ್ಕಿಗಳನ್ನು ಸಾಕುತ್ತವೆ. ಬೇರೆ ಹಣ್ಣಿನ ಮರ ವರ್ಷಕ್ಕೊಂದು ಹಂಗಾಮು ನೋಡಿ ಬಿಡುತ್ತದೆ. ಅತ್ತಿ ಜಾತಿ ಹಾಗಲ್ಲ. ಈ ತಿಂಗಳು ಈ ಮರ ಬಿಟ್ಟರೆ ಮುಂದಿನ ತಿಂಗಳು ಆ ಮರ. ಕಾಡಿನಲ್ಲಿ ಯಾವುದೋ ಒಂದು ಮರದಲ್ಲಿ ಹಣ್ಣು ಇದ್ದೇ ಇರುತ್ತದೆ. ಇದಕ್ಕೆ ಕಾರಣ ಅದರ ಕಾಯಿಯೊಳಗೆ ಬದುಕುವ ಕಣಜ. ಎಳ್ಳಿಗಿಂತ ಸಣ್ಣ ಹುಳ. ಒಂದೊಂದು ಜಾತಿಯ ಮರಕ್ಕೆ ಅದರದ್ದೇ ಕಣಜ, ಅದು ಬಂದು ಒಳಹೊಕ್ಕರೆ ಮಾತ್ರ ಪರಾಗಸ್ಪರ್ಶ. ಕಣಜದ ಆಯಸ್ಸು ಬಹಳ ಕಮ್ಮಿ. ಒಂದು ಮರದಿಂದ ಹೊರಬಿದ್ದಾಗ ಇನ್ನೊಂದು ಮರ ಕಾಯಿ ಕಟ್ಟಲು ತಯಾರಾಗಿ ನಿಂತಿರಬೇಕು. ಇಲ್ಲದಿದ್ದರೆ ಆ ಸಂತತಿ ಅಲ್ಲಿಗೇ ನಿಂತಿತು. ಆದ್ದರಿಂದ ಒಂದು ಜಾತಿಯ ಆಲವೋ ಅತ್ತಿಯೋ ಒಂದು ಜಾಗದಲ್ಲಿ ಉಳಿಯಬೇಕೆಂದರೆ ನಾಲ್ಕಾರು ಮರ ಸಾಲದು, ಒಳ್ಳೆ ಸಂಖ್ಯೆಯಲ್ಲಿ ಇರಬೇಕು. 6.8 ಚದರ ಕಿ.ಮೀ. ದ್ವೀಪದಲ್ಲಿ "ಸ್ವಲ್ಪ ಕಾಡು ಕಡಿದರೆ ಏನಾಗುತ್ತದೆ?" ಎಂದು ಕೇಳುವವರಿಗೆ ನನ್ನ ಉತ್ತರ ಈ ಕಣಜ.

ಹೊಟ್ಟೆಯ ಮಾತಾಯಿತು, ಇನ್ನು ಮನೆ. ಮಂಗಟ್ಟೆಗೆ ಅಷ್ಟು ದೊಡ್ಡ ಕೊಕ್ಕಿದ್ದರೂ ಮರ ಕೊರೆಯಲು ಬರುವುದಿಲ್ಲ. ಮರಕುಟಿಗ ಕೊರೆದು ಬಿಟ್ಟದ್ದೋ, ಕೊಂಬೆ ಮುರಿದ ಜಾಗದಲ್ಲಿ ಕೊಳೆತು ಟೊಳ್ಳಾದದ್ದೋ ಸಿಗಬೇಕು. ಅಂಥ ಪೊಟರೆ ಆಗಲು ಮರ ಮುದಿಯಾಗಬೇಕು. ನಾರ್ಕೊಂಡಂನಲ್ಲಿ ಟೆಟ್ರಾಮೆಲಿಸ್, ಸ್ಟರ್ಕ್ಯೂಲಿಯಾ ಥರದ ಎತ್ತರದ ಮರಗಳ ಪೊಟರೆ ಅವಕ್ಕೆ ಇಷ್ಟ. ಫೆಬ್ರವರಿ ಸುಮಾರಿಗೆ ಹೆಣ್ಣು ಒಳಗೆ ಹೋಗಿ, ಬಾಗಿಲನ್ನು ತಾನೇ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕಿನ ತುದಿ ತೂರುವಷ್ಟು ಸೀಳು ಮಾತ್ರ ಬಿಡುತ್ತದೆ.

ಇದನ್ನು ನೋಡಲು ನಾರ್ಕೊಂಡಂಗೆ ಹೋಗಬೇಕಿಲ್ಲ. ನಮ್ಮ ಬೂದು ಮಂಗಟ್ಟೆಯದೂ ಇದೇ ರೂಢಿ. ಆಳಂದ ಕಡೆಯ ಒಂದು ಊರಿನ ಹಳೆಯ ಬೇವಿನ ಮರದಲ್ಲಿ ಇಂಥ ಗೂಡು ನೋಡಿದ್ದೇನೆ. ಸೀಳು ನನ್ನ ಹೆಬ್ಬೆರಳಿನಷ್ಟು ಅಗಲ ಇರಲಿಲ್ಲ. ಸುತ್ತ ಮೆತ್ತಿದ್ದು ಹಿಕ್ಕೆ ಮತ್ತು ಹಣ್ಣಿನ ತಿರುಳು, ಒಣಗಿ ಗಾರೆಯ ಹಾಗೆ ಆಗಿತ್ತು. ಗಂಡು ಬಂದರೆ ನೇರ ಗೂಡಿಗೆ ಬರುತ್ತಿರಲಿಲ್ಲ. ಮೊದಲು ಎದುರಿನ ಹುಣಸೆ ಮರದಲ್ಲಿ ಕೂತು ಅತ್ತಿತ್ತ ನೋಡುತ್ತಿತ್ತು. ಆಮೇಲೆ ಕಾಂಡಕ್ಕೆ ಉಗುರು ಊರಿ, ಬಾಲ ಒತ್ತಿ ಕೂತು, ಗಂಟಲಿನಿಂದ ಒಂದು ಹಣ್ಣು ಕೊಕ್ಕಿನ ತುದಿಗೆ ತಂದು ಸೀಳಿಗೆ ಹಿಡಿಯುತ್ತಿತ್ತು. ಒಳಗಿನಿಂದ ಕೊಕ್ಕಿನ ತುದಿ ಬಂದು ಅದನ್ನು ತೆಗೆದುಕೊಳ್ಳುತ್ತಿತ್ತು. ಮತ್ತೊಂದು, ಮತ್ತೊಂದು. ಒಂದು ಸಲಕ್ಕೆ ಒಂದೇ ಹಣ್ಣು. ಮರದ ಕೆಳಗೆ ಚಹಾದ ಡಬ್ಬಿ ಅಂಗಡಿ ಇತ್ತು. ಅಲ್ಲಿ ದಿನಾ ಕೂರುವವರಿಗೆ ಮೇಲೆ ಗೂಡಿರುವುದೇ ಗೊತ್ತಿರಲಿಲ್ಲ.

ಒಳಗೆ ಹೋದ ಹೆಣ್ಣು ರೆಕ್ಕೆಯ, ಬಾಲದ ಗರಿಗಳನ್ನು ಉದುರಿಸಿಕೊಳ್ಳುತ್ತದೆ. ಅಂದರೆ ಅಷ್ಟು ದಿನ ಅದಕ್ಕೆ ಹಾರಲು ಬರುವುದಿಲ್ಲ. ಗಂಡು ಏನಾದರೂ ಸತ್ತರೆ, ಅಥವಾ ಯಾರಾದರೂ ಅದನ್ನು ಹಿಡಿದರೆ, ಒಳಗಿನ ತಾಯಿ ಮರಿಗಳ ಗತಿ ಏನು ಎಂದು ಯೋಚಿಸಿ. ಹುಡುಗ ಹೇಳಿದ "ನಾಕು ಜೋಡಿ" ಹಿಡಿಯುವ ಕೆಲಸದಲ್ಲಿ ಇದೊಂದು ದೊಡ್ಡ ಅಪಾಯ. ಗೂಡಿನ ಕಾಲದಲ್ಲಿ ಒಂದು ಗಂಡು ಹಿಡಿದರೆ ಒಂದು ಸಂಸಾರವೇ ಹೋಗುತ್ತದೆ.

ಇನ್ನು ದ್ವೀಪಕ್ಕೆ ಬಂದ ಕಷ್ಟಗಳು. 1960ರ ದಶಕದ ಕೊನೆಗೆ ಅಲ್ಲಿ ಪೊಲೀಸ್ ಚೌಕಿ ಬಂತು. ಗಡಿಯ ದ್ವೀಪ, ಅದರ ಮೇಲೆ ಬರ್ಮಾ ಕೂಡ ಹಕ್ಕು ಹೇಳುತ್ತಿತ್ತು. 1986ರ ಒಪ್ಪಂದದಲ್ಲಿ ಆ ತಕರಾರು ಮುಗಿಯಿತು. ಸಿಬ್ಬಂದಿಯ ಊಟಕ್ಕೆಂದು 1970ರ ದಶಕದಲ್ಲಿ ಕೆಲವು ಆಡುಗಳನ್ನು ತಂದು ಬಿಟ್ಟರು. ಸ್ವಲ್ಪ ಜಾಗ ಸವರಿ ತೆಂಗು, ಬಾಳೆ ಹಾಕಿದರು. ಬೇಟೆಯೂ ನಡೆದಿತ್ತು ಎಂದು ಆ ಕಾಲದ ಸಮೀಕ್ಷೆಗಳು ಹೇಳುತ್ತವೆ. ಇವುಗಳಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸಿದ್ದು ಆಡು.

ನಮ್ಮ ಭಾಗದವರಿಗೆ ಆಡಿನ ಸ್ವಭಾವ ಹೇಳಿಕೊಡಬೇಕಿಲ್ಲ. ಆದರೆ ಇಲ್ಲಿ ಕುರಿಗಾರರು ಮಂದೆ ಹೊಡೆದುಕೊಂಡು ಊರಿಂದೂರಿಗೆ ಹೋಗುತ್ತಾರೆ. ಮೇಯಿಸಿದ ಜಾಗಕ್ಕೆ ಚಿಗುರಲು ಸಮಯ ಸಿಗುತ್ತದೆ. ಸಂಜೆಗೆ ಮಂದೆ ಹಟ್ಟಿಗೆ ಬರುತ್ತದೆ. ದ್ವೀಪದಲ್ಲಿ ಬಿಟ್ಟ ಆಡಿಗೆ ಹಟ್ಟಿ ಇಲ್ಲ, ಕಾಯುವವರಿಲ್ಲ, ತೋಳ ಇಲ್ಲ. ಅವು ನೂರಾರಾದವು. ದೊಡ್ಡ ಮರ ಅವು ಮುಟ್ಟಲಿಲ್ಲ, ಹಾಗಾಗಿ ಸಮುದ್ರದಿಂದ ನೋಡಿದರೆ ಕಾಡು ಮೊದಲಿನಷ್ಟೇ ಹಸಿರು. ಒಳಗೆ ಮಾತ್ರ ಮೊಳಕೆ ಒಡೆದ ಸಸಿ ಒಂದು ಗೇಣು ಆಗುವಷ್ಟರಲ್ಲಿ ಆಡಿನ ಹೊಟ್ಟೆಯಲ್ಲಿ. ಮಂಗಟ್ಟೆ ಬೀಜ ಬಿತ್ತುತ್ತಲೇ ಇತ್ತು, ಬೆಳೆ ಏಳುತ್ತಿರಲಿಲ್ಲ. ಇದು ಹೀಗೆಯೇ ಐವತ್ತು, ಅರವತ್ತು ವರ್ಷ ನಡೆದಿದ್ದರೆ ಮುದಿ ಮರ ಒಂದೊಂದಾಗಿ ಬೀಳುತ್ತ, ಅವುಗಳ ಜಾಗಕ್ಕೆ ಹೊಸದು ಇಲ್ಲದೆ, ಪೊಟರೆಯೂ ಹಣ್ಣೂ ಒಟ್ಟಿಗೇ ಕಮ್ಮಿಯಾಗುತ್ತಿದ್ದವು. ಹಕ್ಕಿಯ ಸಂಖ್ಯೆ ಇಳಿಯುವುದು ಕಣ್ಣಿಗೆ ಬೀಳುವ ಹೊತ್ತಿಗೆ ತಿದ್ದಲು ಆಗದಷ್ಟು ತಡವಾಗಿರುತ್ತಿತ್ತು.

ರವಿ ಶಂಕರನ್ ಎಂಬ ಪಕ್ಷಿತಜ್ಞರು 1990ರ ದಶಕದ ಕೊನೆಗೆ ಅಲ್ಲಿಗೆ ಹೋಗಿ ಬಂದು ಆಡುಗಳನ್ನು ತೆಗೆಸಬೇಕೆಂದು ಒತ್ತಿ ಹೇಳಿದರು. ಅಂಡಮಾನ್, ನಿಕೋಬಾರ್ ಹಕ್ಕಿಗಳಿಗಾಗಿ ದುಡಿದ ಅವರು 2009ರಲ್ಲಿ ತೀರಿಕೊಂಡರು. ಆಡುಗಳನ್ನು ಆಮೇಲೆ ದ್ವೀಪದಿಂದ ಸಾಗಿಸಿದರು. ಈ ಹಕ್ಕಿಯ ಇತಿಹಾಸದಲ್ಲಿ ಮನುಷ್ಯರು ಮಾಡಿದ ಅತಿ ಒಳ್ಳೆಯ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಹಕ್ಕಿಯನ್ನು ಹಿಡಿಯಲಿಲ್ಲ, ಸಾಗಿಸಲಿಲ್ಲ, ಪಂಜರ ಕಟ್ಟಲಿಲ್ಲ. ತಂದಿಟ್ಟದ್ದನ್ನು ವಾಪಸ್ ತೆಗೆದರು, ಅಷ್ಟೇ.

ಎರಡನೆಯದು ರಾಡಾರ್. ಕರಾವಳಿ ಕಾವಲು ಪಡೆ ಅಲ್ಲಿ ರಾಡಾರ್, ಅದಕ್ಕೆ ಡೀಸೆಲ್ ವಿದ್ಯುತ್ ಕೇಂದ್ರ ಕಟ್ಟಲು ಅನುಮತಿ ಕೇಳಿತು. ರಸ್ತೆ ಕಾಡಿನ ನಡುವೆ ಹೋಗಬೇಕಿತ್ತು. 2012ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಬೇಡವೆಂದಿತು. 2014ರಲ್ಲಿ ಸರ್ಕಾರ ಬದಲಾದ ಮೇಲೆ ಒಪ್ಪಿಗೆ ಸಿಕ್ಕಿತು. ಗಡಿ ಕಾಯುವುದು ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ದ್ವೀಪವೇ ಒಂದು ಹಿಡಿ ಇರುವಾಗ ಅಲ್ಲಿ ಯಂತ್ರ ಎಲ್ಲಿ ನಿಲ್ಲುತ್ತದೆ, ಎಷ್ಟು ಮರ ಬೀಳುತ್ತದೆ, ಎಷ್ಟು ಜನ ಉಳಿಯುತ್ತಾರೆ, ದೋಣಿಯಲ್ಲಿ ಇಲಿ, ಬೆಕ್ಕು, ಹೊಸ ಕಳೆಯ ಬೀಜ ಬಂದು ಇಳಿಯುತ್ತವೆಯೇ ಎಂಬುದನ್ನು ಒಂದೊಂದಾಗಿ ನೋಡಬೇಕು. 1977ರಲ್ಲೇ ಇಡೀ ದ್ವೀಪವನ್ನು ವನ್ಯಜೀವಿಧಾಮ ಎಂದು ಸಾರಿದ್ದೇವೆ. ಸಾರಿದ ಮೇಲೆ ಅದರ ಮಾತು ನಡೆಸಬೇಕು.

ಅಂದ ಹಾಗೆ, ಅಷ್ಟು ಪುಟ್ಟ ಜಾಗವನ್ನೂ ನಾವು ಇನ್ನೂ ಪೂರ್ತಿ ನೋಡಿ ಮುಗಿಸಿಲ್ಲ. 2021ರಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದವರು ಅಲ್ಲಿಂದ ಒಂದು ಹೊಸ ಸುಂಡಿಲಿಗೆ ಹೆಸರಿಟ್ಟರು. ಅದೂ ಜಗತ್ತಿಗೇ ಹೊಸ ಜಾತಿ.

ಈಗ ಚಂಡಮಾರುತ. ಮಕ್ಕಳ ಭಯ ಸುಳ್ಳಲ್ಲ. ಅಂಡಮಾನ್ ಸಮುದ್ರದ ಸುತ್ತಮುತ್ತ ವಾಯುಭಾರ ಕುಸಿತಗಳು ಹುಟ್ಟುತ್ತಲೇ ಇರುತ್ತವೆ. ಅನೇಕವು ಅಲ್ಲಿಂದ ವಾಯವ್ಯಕ್ಕೆ ಸರಿದು, ಬಂಗಾಳ ಕೊಲ್ಲಿಯ ಮೇಲೆ ಬಲ ಪಡೆದು, ಒಡಿಶಾ, ಆಂಧ್ರದ ಕಡೆ ಅಪ್ಪಳಿಸುತ್ತವೆ. ಅಂದರೆ ನಾರ್ಕೊಂಡಂ ದಾಟುವಾಗ ಇನ್ನೂ ಎಳೆಯವು. ಆದರೂ ಒಂದು ಬಲವಾದದ್ದು ನೇರ ಹೊಡೆದರೆ ಏನಾಗುತ್ತದೆ? ಗಾಳಿಗೆ ಸಾಯುವ ಹಕ್ಕಿಗಳ ಸಂಖ್ಯೆ ಅಷ್ಟಿರಲಿಕ್ಕಿಲ್ಲ. ಹಸಿವು ಮತ್ತು ಮನೆಯಿಲ್ಲದಿರುವುದು ಆಮೇಲೆ ಕೊಲ್ಲುತ್ತವೆ. ಮರದಲ್ಲಿದ್ದ ಹಣ್ಣು, ಹೂವು, ಹೀಚು ಎಲ್ಲ ಉದುರುತ್ತದೆ. ಮೊದಲು ಬೀಳುವುದು ಎತ್ತರದ, ಟೊಳ್ಳಾದ, ಮುದಿ ಮರಗಳು, ಅಂದರೆ ಸರಿಯಾಗಿ ಮಂಗಟ್ಟೆಯ ಮನೆಗಳು.

ಇದಕ್ಕೊಂದು ನಿಜವಾದ ಉದಾಹರಣೆ ಇದೆ, ಅದು ನಿಮ್ಮ ಹುಡುಗನ ಪರವಾಗಿಯೇ ಇದೆ. ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದಲ್ಲಿ ಒಂದು ಹಸಿರು ಗಿಣಿ ಇದೆ. ಅದೂ ಪೊಟರೆಯಲ್ಲೇ ಗೂಡು ಮಾಡುತ್ತದೆ. ಕಾಡು ಕಡಿದು ಕಡಿದು 1975ರ ಹೊತ್ತಿಗೆ ಕಾಡಿನಲ್ಲಿ 13 ಗಿಣಿ ಉಳಿದಿದ್ದವು. ಕಷ್ಟಪಟ್ಟು 47ಕ್ಕೆ ತಂದರು. 1989ರಲ್ಲಿ ಹ್ಯೂಗೊ ಚಂಡಮಾರುತ ಬಂದು ಅದನ್ನು ಅರ್ಧ ಮಾಡಿತು. 2017ರಲ್ಲಿ ಮರಿಯಾ ಬಂದಾಗ ಅದರ ಹಳೆಯ ನೆಲೆಯಾದ ಎಲ್ ಯುಂಕೆ ಕಾಡಿನಲ್ಲಿದ್ದ ಗಿಣಿಗಳು ಒಂದೂ ಉಳಿಯಲಿಲ್ಲ. ಆದರೂ ಆ ಜಾತಿ ಇವತ್ತು ಬದುಕಿದೆ. ಯಾಕೆಂದರೆ ಸಾಕಿ ಮರಿ ಮಾಡಿಸಿದ ಗಿಣಿಗಳು ಇದ್ದವು, ಇನ್ನೊಂದು ಕಾಡಿನಲ್ಲಿ ಬಿಟ್ಟವೂ ಇದ್ದವು.

ಹಾಗಾದರೆ ಮಂಗಟ್ಟೆಗೂ ಅದನ್ನೇ ಮಾಡಬಾರದೇಕೆ? ಆ ಗಿಣಿಯನ್ನು ಪಂಜರಕ್ಕೆ ತಂದದ್ದು ಕಾಡು ಹೋಗಿ, ಬೆರಳೆಣಿಕೆಯಷ್ಟು ಉಳಿದಾಗ. ಅದು ಸಾಯುವ ರೋಗಿಗೆ ಮಾಡುವ ಆಪರೇಷನ್. ನಾರ್ಕೊಂಡಂನಲ್ಲಿ ಕಾಡು ಗಟ್ಟಿಯಾಗಿದೆ, ಹಕ್ಕಿ ಸಾವಿರದ ಹತ್ತಿರ ಇದೆ. ಇನ್ನೊಂದು, ಮಂಗಟ್ಟೆಯನ್ನು ಸಾಕುವುದು ಗಿಣಿ ಸಾಕಿದಷ್ಟು ಸುಲಭ ಅಲ್ಲ. ಒಂದು ಗಂಡು, ಒಂದು ಹೆಣ್ಣು ಒಟ್ಟಿಗೆ ಇಟ್ಟ ಮಾತ್ರಕ್ಕೆ ಜೋಡಿ ಆಗುವುದಿಲ್ಲ. ಹೆಣ್ಣು ತಿಂಗಳುಗಟ್ಟಲೆ ಗಂಡನ್ನೇ ನಂಬಿ ಒಳಗೆ ಕೂರಬೇಕಲ್ಲ, ಒಲ್ಲದ ಗಂಡಿನ ಜೊತೆ ಅದು ಪೊಟರೆ ಹೊಗುವುದಿಲ್ಲ. ಪಂಜರದ ಮಂಗಟ್ಟೆಗಳಿಗೆ ಇನ್ನೊಂದು ಕಾಯಿಲೆ ಕಾಡುತ್ತದೆ. ಆಹಾರದ ಕಬ್ಬಿಣದ ಅಂಶ ಯಕೃತ್ತಿನಲ್ಲಿ ಸೇರಿಕೊಂಡು ಸಾಯುತ್ತವೆ. ನಾವು ಒಳ್ಳೆಯದೆಂದು ಕೊಡುವ ಆಹಾರವೇ ಅವಕ್ಕೆ ಕುತ್ತು. ಹೀಗಾಗಿ ಮೃಗಾಲಯದ ದಾರಿಯನ್ನು ಪೂರ್ತಿ ಮುಚ್ಚಬೇಡಿ ಎನ್ನುತ್ತೇನೆ. ಆದರೆ ಆ ಪಾಠವನ್ನು ಈಗಾಗಲೇ ಮೃಗಾಲಯಗಳಲ್ಲಿರುವ ಬೇರೆ ಜಾತಿಯ ಮಂಗಟ್ಟೆಗಳ ಮೇಲೆ ಕಲಿಯಬೇಕು. ಜಗತ್ತಿನಲ್ಲಿ ಇರುವ ಒಂದೇ ದ್ವೀಪದ ಹಕ್ಕಿಗಳ ಮೇಲೆ ಪ್ರಯೋಗ ಬೇಡ.

ಬೇರೆ ದ್ವೀಪಕ್ಕೆ ಒಯ್ಯುವುದರಲ್ಲಿ ಬೇರೆ ತೊಂದರೆ ಇದೆ. ಅಂಡಮಾನಿನ ಉಳಿದ ದ್ವೀಪಗಳಲ್ಲಿ ಮೂಲತಃ ಮಂಗಟ್ಟೆಯೇ ಇಲ್ಲ. ಅಲ್ಲಿನ ಪೊಟರೆಗಳನ್ನು ನಂಬಿ ಬೇರೆ ಹಕ್ಕಿಗಳಿವೆ, ಅವುಗಳಲ್ಲೂ ಕೆಲವು ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದವು. ಮಂಗಟ್ಟೆ ಹಣ್ಣಿನ ಜೊತೆ ಮೊಟ್ಟೆ, ಮರಿ ಸಿಕ್ಕರೂ ಬಿಡುವುದಿಲ್ಲ. ಅಂಡಮಾನಿಗೆ ಬ್ರಿಟಿಷರು ಚುಕ್ಕೆ ಜಿಂಕೆ ತಂದು ಬಿಟ್ಟರು, ಈಗ ಅವು ಸಸಿಗಳನ್ನು ಮೇಲೇಳಲು ಬಿಡುತ್ತಿಲ್ಲ. ಕಾಡಿನಲ್ಲಿ ಮರ ಕಡಿದು ಸಾಗಿಸುವ ಕೆಲಸಕ್ಕೆ ತಂದ ಆನೆಗಳನ್ನು ಇಂಟರ್‌ವ್ಯೂ ದ್ವೀಪದಲ್ಲಿ ಬಿಟ್ಟು ಹೋದರು, ಅಲ್ಲಿನ ಕಾಡು ಅದರ ಪೆಟ್ಟು ತಿಂದಿತು. ಒಳ್ಳೆಯ ಉದ್ದೇಶದಿಂದ ತಂದದ್ದೂ ಆಮೇಲೆ ಇನ್ನೊಂದು ಆಡಾಗಬಹುದು.

ಕುಂಚಾವರಂ ವಿಷಯ ಬೇಗ ಹೇಳಿಬಿಡುತ್ತೇನೆ. ಅಂಡಮಾನ್ ಕಡೆ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ನಮ್ಮಲ್ಲಿ ಅದರ ಕಾಲುಭಾಗ. ನಮ್ಮದು ಬೇಸಿಗೆಗೆ ಎಲೆ ಉದುರಿಸಿ ನಿಲ್ಲುವ ಒಣ ಕಾಡು. 2011ರಲ್ಲಿ ವನ್ಯಜೀವಿಧಾಮವಾದ ಈ ಕಾಡನ್ನು ನೋಡಿದರೆ ನನಗೆ ಬಹಳ ಅಭಿಮಾನ. ಬಿಸಿಲ ನಾಡಿನಲ್ಲಿ ಚಂದ್ರಂಪಳ್ಳಿ ಡ್ಯಾಮಿನ ಸುತ್ತ ಇಷ್ಟು ಮರ ಉಳಿದಿರುವುದೇ ಭಾಗ್ಯ. ಆದರೆ ಏಪ್ರಿಲ್ ತಿಂಗಳ 42, 43 ಡಿಗ್ರಿಯಲ್ಲಿ, ವರ್ಷಪೂರ್ತಿ ನೆರಳು, ವರ್ಷಪೂರ್ತಿ ಹಣ್ಣು ಕಂಡ ಹಕ್ಕಿ ಮರಿ ಸಾಕಲಾರದು. ನಮ್ಮ ಬೂದು ಮಂಗಟ್ಟೆ ಹಣ್ಣು ಸಿಗದಾಗ ಮಿಡತೆ, ಹಲ್ಲಿ, ಓತಿಕ್ಯಾತ ಹಿಡಿದು ಹೇಗೋ ಸಾಗಿಸುತ್ತದೆ. ಅದಕ್ಕೆ ಈ ನೆಲದ ಅಭ್ಯಾಸ ಇದೆ. ಬಂದವರು ಇದ್ದವರ ಪೊಟರೆಗೂ ಕುತ್ತು. ಕಾನೂನೂ ಬಿಡುವುದಿಲ್ಲ: ನಾರ್ಕೊಂಡಂ ಮಂಗಟ್ಟೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ.

ಕಾಡು ಹೋದರೆ ದ್ವೀಪದ ಮಂಗಟ್ಟೆ ಎಷ್ಟು ಬೇಗ ಹೋಗುತ್ತದೆ ಎಂಬುದಕ್ಕೆ ಫಿಲಿಪೀನ್ಸಿನ ಸುಲು ಮಂಗಟ್ಟೆ ಸಾಕ್ಷಿ. ಜೋಲೊ ದ್ವೀಪದಲ್ಲಿ ಅದು ಪೂರ್ತಿ ಅಳಿಯಿತು. ತಾವಿ-ತಾವಿಯಲ್ಲಿ ಕೆಲವೇ ಹಕ್ಕಿಗಳು ಉಳಿದಿವೆ. ಅಲ್ಲಿ ಯಾವ ಚಂಡಮಾರುತವೂ ಬೇಕಾಗಲಿಲ್ಲ. ನಾಟಾಕ್ಕಾಗಿ ದೊಡ್ಡ ಮರಗಳನ್ನು ಕಡಿದರು, ಉಳಿದವನ್ನು ಬಂದೂಕು ನೋಡಿಕೊಂಡಿತು.

ಈಗ ಹುಡುಗನ ಕೈಗೆ ಏನು ಕೊಡುವುದು? ಅವನಿಗೆ ಏನಾದರೂ ಮಾಡಬೇಕೆಂಬ ಆಸೆ ಇದೆ, ಅದನ್ನು ಸುಮ್ನೆ ಬಿಡಬಾರದು. ಅರುಣಾಚಲದ ಪಕ್ಕೆ ಕಾಡಿನ ಅಂಚಿನಲ್ಲಿ ನಿಶಿ ಜನರು ಹತ್ತು ವರ್ಷಕ್ಕೂ ಮೇಲೆ ಮಂಗಟ್ಟೆಯ ಗೂಡುಮರಗಳನ್ನು ಗುರುತಿಸಿ, ಮರಿ ಹೊರಬರುವವರೆಗೆ ಕಾಯುತ್ತಿದ್ದಾರೆ. ಮೊದಲು ಇದೇ ಹಕ್ಕಿಯನ್ನು ಬೇಟೆಯಾಡುತ್ತಿದ್ದ ಊರುಗಳು ಅವು. ನಿಮ್ಮ ಶಾಲೆಯೂ ಅದನ್ನೇ ಸಣ್ಣದಾಗಿ ಮಾಡಬಹುದು.

ಮಾರ್ಚ್‌ನಿಂದ ಮೇವರೆಗೆ ಊರಿನ ಹಳೆಯ ಬೇವು, ಆಲ, ಅರಳಿ, ಮಾವಿನ ಮರಗಳ ಪೊಟರೆ ನೋಡಲಿ. ಗಂಡು ಹಕ್ಕಿ ಒಂದೇ ಮರಕ್ಕೆ ಮತ್ತೆ ಮತ್ತೆ ಬಂದು ಕಾಂಡದ ಮೇಲೆ ಕೂರುತ್ತಿದ್ದರೆ ಅಲ್ಲಿ ಗೂಡು ಇದೆ ಎಂದು ಲೆಕ್ಕ. ಐವತ್ತು ಹೆಜ್ಜೆ ದೂರದಲ್ಲೇ ನಿಲ್ಲಬೇಕು. ಮರ ಹತ್ತುವಂತಿಲ್ಲ, ಬ್ಯಾಟರಿ ಬಿಡುವಂತಿಲ್ಲ, ಹತ್ತಿರ ಹೋಗಿ ಮೊಬೈಲ್ ಹಿಡಿಯುವಂತಿಲ್ಲ. ಜನ ಹತ್ತಿರ ಇದ್ದರೆ ಗಂಡು ಹಣ್ಣು ಹೊತ್ತುಕೊಂಡೇ ತಿರುಗುತ್ತದೆ, ಒಳಗಿನವರು ಉಪವಾಸ. ಎಷ್ಟು ಹೊತ್ತಿಗೊಮ್ಮೆ ಬಂತು, ಏನು ತಂದಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಗೂಡಿರುವ ಮರದ ಪಟ್ಟಿಯನ್ನು ಗ್ರಾಮ ಪಂಚಾಯಿತಿಗೂ ಅರಣ್ಯ ಇಲಾಖೆಗೂ ಬರಹದಲ್ಲಿ ಕೊಡಿ. ರಸ್ತೆ ಅಗಲ ಮಾಡುವಾಗ "ಇದು ಟೊಳ್ಳು ಮರ, ಬೀಳೋದೇ" ಎಂದು ಮೊದಲು ಕಡಿಯುವುದು ಇಂಥವನ್ನೇ. ಆಗ ಆ ಪಟ್ಟಿ ಕೆಲಸಕ್ಕೆ ಬರುತ್ತದೆ.

ಮಳೆಗಾಲ ಶುರುವಾಗಿ ಗೂಡು ಖಾಲಿಯಾದ ಮೇಲೆ ಮರದ ಬುಡಕ್ಕೆ ಹೋಗಲಿ. ತಿಂದು ಉಗುಳಿದ ಬೀಜ, ಹಿಕ್ಕೆಯಲ್ಲಿ ಬಿದ್ದ ಬೀಜ ರಾಶಿ ಇರುತ್ತದೆ, ಕೆಲವು ಅಲ್ಲೇ ಮೊಳೆತಿರುತ್ತವೆ. ಆರಿಸಿ ತಂದು, ಕೈ ಚೆನ್ನಾಗಿ ತೊಳೆದುಕೊಂಡು, ಶಾಲೆಯ ಅಂಗಳದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು ತುಂಬಿ ಹಾಕಲಿ. ಹಳದಿ ಕಣಗಿಲೆಯ ಬೀಜ ಕಂಡರೆ ಮಾತ್ರ ಮುಟ್ಟದೆ ಬಿಡಲಿ. ಯಾವ ಮರದ ಬೀಜ ಎಂದು ಗೊತ್ತಾಗದಿದ್ದರೆ ಒಂದು ಸ್ಕೇಲಿನ ಪಕ್ಕದಲ್ಲಿಟ್ಟು ಫೋಟೊ ತೆಗೆದು ನನಗೆ ಕಳಿಸಿ, ನೋಡಿ ಹೇಳುತ್ತೇನೆ.